ನೆರಳಿಗೊಂದು ಅಳತೆಗೋಲು

2022ನೆಯ ಇಸವಿ ಏಪ್ರಿಲ್ 4ರಂದು ಕರ್ನೂಲು ಜಿಲ್ಲೆಯು ತನ್ನ ದಟ್ಟಡವಿಯ ಬಹುಭಾಗವನ್ನು ಒಂದೇ ದಿನದಲ್ಲಿ ಕಳೆದುಕೊಂಡಿತು. ಒಂದು ಮರಕ್ಕೂ ಕೊಡಲಿಯ ಪೆಟ್ಟು ಬೀಳಲಿಲ್ಲ. ಎಲ್ಲಿಯೂ ಕಾಳ್ಗಿಚ್ಚು ಹಬ್ಬಲಿಲ್ಲ. ಅಂದು ಹಳೆಯ ಜಿಲ್ಲೆ ಎರಡಾಯಿತು. ನಲ್ಲಮಲೆಯ ಶ್ರೇಣಿ ಹೊಸದಾಗಿ ರಚಿತವಾದ ನಂದ್ಯಾಲ ಜಿಲ್ಲೆಯ ಪಾಲಿಗೆ ಹೋಯಿತು, ಅಷ್ಟೆ. ಶ್ರೀಶೈಲದ ಸುತ್ತಣ ತೇಗ, ಮತ್ತಿ, ಹೊನ್ನೆ, ಬಿದಿರುಗಳ ಕಾಡನ್ನು ಲೆಕ್ಕದಲ್ಲಿ ಸೇರಿಸಿಕೊಂಡು ನಮ್ಮ ಜಿಲ್ಲೆಯೂ ಅರಣ್ಯವಂತ ಜಿಲ್ಲೆಯೆಂದು ಹೇಳಿಕೊಳ್ಳುತ್ತಿದ್ದ ಆದವಾನಿ, ಆಲೂರು, ಹೊಳಗುಂದ, ಕೋಸಿಗಿ, ಎಮ್ಮಿಗನೂರು, ಮಂತ್ರಾಲಯಗಳ ಸೀಮೆಯವರಾದ ನಮಗೆ ಉಳಿದದ್ದು ಕಲ್ಲುಗುಂಡುಗಳ ಗುಡ್ಡ, ಕುರುಚಲು ಗಿಡ, ಎರೆಹೊಲ ಮತ್ತು ಹಳ್ಳದ ಬದಿಯ ಜಾಲಿ.

ಕಾಡು ಎಷ್ಟಿದೆ ಎಂಬ ಪ್ರಶ್ನೆಗೆ ಬರುವ ಉತ್ತರ ಮೂರು ಸಂಗತಿಗಳನ್ನು ಅವಲಂಬಿಸಿದೆ. ಗಡಿಯ ಗೆರೆಯನ್ನು ಎಲ್ಲಿ ಎಳೆದಿದ್ದೇವೆ ಎಂಬುದು ಮೊದಲನೆಯದು. ಯಾವುದನ್ನು ಕಾಡೆಂದು ಕರೆಯುತ್ತೇವೆ ಎಂಬುದು ಎರಡನೆಯದು. ಯಾವ ಸಾಧನದಿಂದ ಅಳೆಯುತ್ತೇವೆ ಎಂಬುದು ಮೂರನೆಯದು. ಗೆರೆಗಳ ಸಂಗತಿಯನ್ನು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದಾಗ ಮನೆಗಳು ಇದ್ದಲ್ಲಿಯೇ ಇದ್ದು ವಿಳಾಸ ಮಾತ್ರ ಬದಲಾದುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಆದ್ದರಿಂದ ಈ ಲೇಖನದಲ್ಲಿ ಉಳಿದ ಎರಡು ಸಂಗತಿಗಳನ್ನು, ಅಂದರೆ ಕಾಡೆಂಬ ಹೆಸರನ್ನೂ ಅದನ್ನು ಅಳೆಯುವ ಸಾಧನಗಳನ್ನೂ ಕುರಿತು ವಿಚಾರ ಮಾಡೋಣ.

ಹಸುರು ಚಪ್ಪರ

ಮದುವೆಯ ಮನೆಯ ಮುಂದೆ ಹಾಕುವ ಚಪ್ಪರವನ್ನು ಎಲ್ಲರೂ ಬಲ್ಲರು. ಅದಕ್ಕೆ ಕಂಬಗಳ ಎತ್ತರವಿದೆ, ಮೇಲೆ ಹೊದಿಸಿದ ಸೊಪ್ಪಿನ ದಟ್ಟಣೆಯಿದೆ, ನಡುನಡುವೆ ಬಿಸಿಲು ತೂರಿ ಬರುವ ಕಂಡಿಗಳಿವೆ. ಕಾಡಿನ ಮರಗಳು ತಮ್ಮ ರೆಂಬೆಗಳನ್ನು ಚಾಚಿ ಆಕಾಶದ ಕೆಳಗೆ ಕಟ್ಟಿಕೊಂಡಿರುವುದೂ ಇಂಥದೇ ಒಂದು ಚಪ್ಪರ. ವ್ಯತ್ಯಾಸವೆಂದರೆ ಇದಕ್ಕೆ ಒಂದೇ ಅಂತಸ್ತಲ್ಲ. ಪಶ್ಚಿಮಘಟ್ಟದ ಮಳೆಕಾಡಿನಲ್ಲಿ ಎಲ್ಲಕ್ಕೂ ಮೇಲೆ ತಲೆಯೆತ್ತಿದ ಹೆಮ್ಮರಗಳು, ಅವುಗಳ ಕೆಳಗೆ ಒಂದಕ್ಕೊಂದು ತಗಲಿ ನಿಂತ ಮರಗಳ ಸಾಲು, ಅದರಡಿಯಲ್ಲಿ ನೆರಳನ್ನು ಸಹಿಸುವ ಗಿಡಗಳು, ನೆಲದಲ್ಲಿ ಸಸಿಗಳು ಎಂದು ಹಲವು ಪದರಗಳಿವೆ. ನಲ್ಲಮಲೆಯಂಥ ಎಲೆಯುದುರುವ ಕಾಡಿನಲ್ಲಿ ಪದರಗಳು ಕಡಿಮೆ. ಆದವಾನಿಯ ಗುಡ್ಡಗಳಲ್ಲಿ ಬೇವು, ಸೀತಾಫಲ, ಕಾರೆ, ತಂಗಡಿಗಳು ಅಲ್ಲೊಂದು ಇಲ್ಲೊಂದು ಕೊಡೆ ಹಿಡಿದಿವೆಯೇ ಹೊರತು ಅಖಂಡವಾದ ಚಪ್ಪರವಿಲ್ಲ.

ವಿಜ್ಞಾನಿಗಳು ಈ ಚಪ್ಪರದ ಮುಖ್ಯವಾಗಿ ನಾಲ್ಕು ಗುಣಗಳನ್ನು ಅಳೆಯುತ್ತಾರೆ. ಒಂದು, ಎತ್ತರ. ಎರಡು, ಹೊದಿಕೆ, ಎಂದರೆ ನೆಲದ ನೂರು ಪಾಲಿನಲ್ಲಿ ಎಷ್ಟು ಪಾಲಿನ ನೆತ್ತಿಯ ಮೇಲೆ ಎಲೆಯಿದೆ ಎಂಬುದು. ಮೂರು, ಎಲೆಗಳ ಒಟ್ಟು ಹರವು. ನಾಲ್ಕು, ಎಲೆಗಳು ಮೇಲಿನಿಂದ ಕೆಳಗಿನವರೆಗೆ ಯಾವ ಯಾವ ಎತ್ತರದಲ್ಲಿ ಹಂಚಿಕೆಯಾಗಿವೆ ಎಂಬ ಪದರ ವಿನ್ಯಾಸ. ಹಕ್ಕಿ ಎಲ್ಲಿ ಗೂಡು ಕಟ್ಟಬೇಕು, ಸಸಿಗೆ ಎಷ್ಟು ಬೆಳಕು ಸಿಗಬೇಕು, ಮಳೆಯ ಹನಿ ಎಷ್ಟು ರಭಸದಿಂದ ನೆಲಕ್ಕೆ ಬೀಳಬೇಕು, ಎಲ್ಲವನ್ನೂ ಈ ನಾಲ್ಕು ಗುಣಗಳು ನಿರ್ಧರಿಸುತ್ತವೆ. ಇವುಗಳಲ್ಲಿ ಒಂದನ್ನು ಮಾತ್ರ ಅಳೆದು ಕಾಡನ್ನು ಬಲ್ಲೆವೆನ್ನುವುದು, ಮನೆಯ ಮಾಳಿಗೆಯ ವಿಸ್ತೀರ್ಣವನ್ನು ಕೇಳಿ ಮನೆಯವರ ಯೋಗಕ್ಷೇಮ ತಿಳಿಯಿತೆಂದಂತೆ.

ನೆಲದ ಮೇಲೆ ನಿಂತು ನೋಡುವ ಬಗೆ

ಎತ್ತರದಿಂದ ಆರಂಭಿಸೋಣ. ಶಾಲೆಯ ಕೋನಮಾಪಕದ ನಡುವಿಗೆ ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲು ಕಟ್ಟಿ, ಅಂಚಿಗೆ ಒಂದು ಕೊಳವೆಯನ್ನು ಅಂಟಿಸಿದರೆ ಎತ್ತರ ಅಳೆಯುವ ಸಾಧನ ಸಿದ್ಧವಾಯಿತು. ಮರದ ತುದಿ 45 ಅಂಶ ಕೋನದಲ್ಲಿ ಕಾಣುವ ಸ್ಥಳಕ್ಕೆ ಹಿಂದೆ ಸರಿಯುತ್ತ ಹೋಗಬೇಕು. ಆ ಸ್ಥಳ ಮರದ ಬುಡದಿಂದ 12 ಮೀಟರ್ ದೂರದಲ್ಲಿದ್ದು, ನೋಡುವವನ ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ, ಸಮತಟ್ಟಾದ ನೆಲದಲ್ಲಿ ಮರದ ಎತ್ತರ ಹದಿಮೂರೂವರೆ ಮೀಟರ್. ಅರಣ್ಯ ಇಲಾಖೆಯವರು ಬಳಸುವ ಆ್ಯಬ್ನಿ ಲೆವೆಲ್, ಕ್ಲೈನೋಮೀಟರ್ ಮುಂತಾದ ಉಪಕರಣಗಳೆಲ್ಲವೂ ಈ ಒಂದೇ ತ್ರಿಕೋನಮಿತಿಯ ಸುಧಾರಿಸಿದ ರೂಪಗಳು. ಮರದ ದಪ್ಪವನ್ನು ನಮ್ಮ ದೇಶದಲ್ಲಿ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಎಂದರೆ ನಾಲ್ಕೂವರೆ ಅಡಿಯಲ್ಲಿ, ಟೇಪು ಸುತ್ತಿ ಅಳೆಯುವುದು ವಾಡಿಕೆ.

ಹೊದಿಕೆಯನ್ನು ಅಳೆಯಲು ಇನ್ನೂ ಸರಳವಾದ ಉಪಾಯವಿದೆ. ಒಂದು ಗೇಣುದ್ದದ ಕೊಳವೆಯ ಬಾಯಿಗೆ ಎರಡು ದಾರಗಳನ್ನು ಅಡ್ಡಡ್ಡಲಾಗಿ ಕಟ್ಟಿ, ನೇರವಾಗಿ ನೆತ್ತಿಯತ್ತ ಹಿಡಿದು ನೋಡಬೇಕು. ದಾರಗಳು ಕೂಡುವ ಬಿಂದುವಿನಲ್ಲಿ ಎಲೆ ಕಂಡರೆ 'ಹೌದು', ಆಕಾಶ ಕಂಡರೆ 'ಇಲ್ಲ' ಎಂದು ಗುರುತು ಹಾಕಿಕೊಂಡು ಐದು ಹೆಜ್ಜೆ ಮುಂದೆ ಸಾಗಬೇಕು. ಹೀಗೆ ನೂರು ಸಲ ನೋಡಿದಾಗ ಮೂವತ್ತು ಸಲ ಎಲೆ ಕಂಡರೆ ಹೊದಿಕೆ ನೂರಕ್ಕೆ ಮೂವತ್ತು. ಆದರೆ ನೂರು ನೋಟದ ಲೆಕ್ಕದಲ್ಲಿ ಸುಮಾರು ಒಂಬತ್ತು ಅತ್ತಿತ್ತ ಆಗುವ ಸಂಭವವಿದೆಯೆಂದು ಸಂಖ್ಯಾಶಾಸ್ತ್ರ ಎಚ್ಚರಿಸುತ್ತದೆ. ಹೆಚ್ಚು ನೋಡಿದಷ್ಟೂ ಈ ಅನಿಶ್ಚಯ ಕಡಿಮೆಯಾಗುತ್ತದೆ. ಅರ್ಧಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ನೋಡಬೇಕು.

ಉಬ್ಬುಗನ್ನಡಿಯ ಡೆನ್ಸಿಯೋಮೀಟರ್ ಎಂಬ ಕೈಸಾಧನವೂ ಬಳಕೆಯಲ್ಲಿದೆ. ಕನ್ನಡಿಯ ಮೇಲೆ 24 ಚೌಕಗಳನ್ನು ಕೊರೆದಿರುತ್ತಾರೆ. ಒಂದೊಂದು ಚೌಕದಲ್ಲಿ ನಾಲ್ಕು ಬಿಂದುಗಳನ್ನು ಕಲ್ಪಿಸಿಕೊಂಡು, ಒಟ್ಟು 96 ಬಿಂದುಗಳಲ್ಲಿ ಎಷ್ಟರ ಮೇಲೆ ಎಲೆಯ ಪ್ರತಿಬಿಂಬವಿದೆ ಎಂದು ನಾಲ್ಕೂ ದಿಕ್ಕಿಗೆ ತಿರುಗಿ ಎಣಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಕೊಳವೆ ನೇರ ನೆತ್ತಿಯನ್ನಷ್ಟೇ ನೋಡುತ್ತದೆ. ಉಬ್ಬುಗನ್ನಡಿ ಓರೆಯಾಗಿರುವ ಮರಗಳನ್ನೂ ಸೇರಿಸಿ ಆಕಾಶದ ಗುಮ್ಮಟವನ್ನೇ ನೋಡುತ್ತದೆ. ಆದುದರಿಂದ ಒಂದೇ ಸ್ಥಳದಲ್ಲಿ ಎರಡರ ಉತ್ತರ ಒಂದೇ ಆಗಬೇಕಾಗಿಲ್ಲ. ಉಪಕರಣದ ಹೆಸರನ್ನು ಬರೆಯದೆ ಅಂಕಿಯನ್ನು ಮಾತ್ರ ಬರೆದಿಟ್ಟರೆ ಮುಂದಿನವರಿಗೆ ಅದು ಉಪಯೋಗಕ್ಕೆ ಬಾರದು.

ಎಲೆಗಳ ಹರವಿನ ಕಥೆ ಸ್ವಾರಸ್ಯವಾದುದು. 1924ರಲ್ಲಿ ಇಂಗ್ಲೆಂಡಿನ ರಾಬಿನ್ ಹಿಲ್ ಎಂಬ ವಿಜ್ಞಾನಿ ಮೋಡಗಳ ಚಿತ್ರ ತೆಗೆಯಲೆಂದು ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಮಸೂರವನ್ನು ರೂಪಿಸಿದರು. ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ಬರುವ 'ಹಿಲ್ ಕ್ರಿಯೆ'ಯ ಹಿಲ್ ಇವರೇ. ಮೋಡಕ್ಕೆಂದು ಹುಟ್ಟಿದ ಮಸೂರವನ್ನು ಮುಂದೆ ಕಾಡಿನೊಳಗೆ ಮೇಲ್ಮುಖವಾಗಿ ಇಟ್ಟು ಎಲೆಯ ಕಂಡಿಗಳನ್ನು ಎಣಿಸತೊಡಗಿದರು. 1947ರಲ್ಲಿ ವಾಟ್ಸನ್ ಎಂಬುವರು ಒಂದು ಚದರ ಮೀಟರ್ ನೆಲದ ಮೇಲೆ ಎಷ್ಟು ಚದರ ಮೀಟರ್ ಎಲೆಯಿದೆ ಎಂಬ ಅಳತೆಯನ್ನು ಕೃಷಿವಿಜ್ಞಾನದಲ್ಲಿ ಬಳಕೆಗೆ ತಂದರು. 1953ರಲ್ಲಿ ಜಪಾನಿನ ಮೊನ್ಸಿ ಮತ್ತು ಸಾಯೆಕಿ ಇಬ್ಬರೂ, ಎಲೆಯ ಪದರ ಹೆಚ್ಚಿದಂತೆ ಬೆಳಕು ಯಾವ ನಿಯಮದಿಂದ ಕುಗ್ಗುತ್ತದೆಂದು ತೋರಿಸಿದರು. ಆ ಸೂತ್ರದಲ್ಲಿ ಸಾಮಾನ್ಯವಾದ ಒಂದು ಬೆಲೆಯನ್ನು ಇಟ್ಟು ಲೆಕ್ಕ ಹಾಕಿದರೆ, ನೆಲದಷ್ಟೇ ಹರವಿನ ಎಲೆಯಿದ್ದಾಗ ನೂರಕ್ಕೆ 61 ಪಾಲು ಬೆಳಕು ಕೆಳಗಿಳಿಯುತ್ತದೆ. ಎರಡು ಪಟ್ಟು ಇದ್ದಾಗ 37 ಪಾಲು. ನಾಲ್ಕು ಪಟ್ಟು ಇದ್ದಾಗ 14 ಪಾಲು. ಆರು ಪಟ್ಟು ಇದ್ದಾಗ 5 ಪಾಲು. ಈಗಿನ ಉಪಕರಣಗಳು ಇದನ್ನೇ ತಿರುಗಿಸಿ, ಬಯಲಿನ ಬೆಳಕನ್ನೂ ಮರದಡಿಯ ಬೆಳಕನ್ನೂ ಹೋಲಿಸಿ, ಒಂದು ಎಲೆಯನ್ನೂ ಕೀಳದೆ ಎಲೆಗಳ ಹರವನ್ನು ಹೇಳುತ್ತವೆ.

ಇಂಥ ಶ್ರಮದ ಕೆಲಸ ನಮ್ಮ ನೆರೆಯಲ್ಲಿಯೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ನೀಲಗಿರಿಯ ಮುದುಮಲೈ ಕಾಡಿನಲ್ಲಿ 50 ಹೆಕ್ಟೇರ್ ಜಾಗವನ್ನು ಗುರುತಿಸಿ, ಒಂದು ಸೆಂಟಿಮೀಟರ್ ದಪ್ಪದ ಕಾಂಡದಿಂದ ಹಿಡಿದು ಪ್ರತಿಯೊಂದು ಮರಕ್ಕೂ ಸಂಖ್ಯೆ ಕೊಟ್ಟು, ಅವುಗಳ ಹುಟ್ಟುಸಾವುಗಳ ಲೆಕ್ಕವನ್ನು ಇಟ್ಟುಕೊಂಡು ಬಂದಿದ್ದಾರೆ. ಅದು ನಲ್ಲಮಲೆಯಂತೆಯೇ ಎಲೆಯುದುರುವ ಕಾಡು. ಆನೆ, ಬೆಂಕಿ, ಬರ ಇವುಗಳಲ್ಲಿ ಯಾವುದು ಮರಗಳನ್ನು ಎಷ್ಟು ಕೊಲ್ಲುತ್ತದೆಂಬುದನ್ನು ಊಹೆಯಿಂದಲ್ಲದೆ ಎಣಿಕೆಯಿಂದ ಹೇಳಲು ಅಂಥ ದಾಖಲೆಯಿಂದ ಮಾತ್ರ ಸಾಧ್ಯ.

ಬಾನಿನಿಂದ ನೋಡುವ ಕಣ್ಣುಗಳು

ಆದರೆ ಟೇಪು ಹಿಡಿದು ದೇಶವನ್ನೆಲ್ಲ ಅಳೆಯಲಾಗದು. 1972ರ ಜುಲೈಯಲ್ಲಿ ಅಮೆರಿಕ ದೇಶವು ಲ್ಯಾಂಡ್‌ಸ್ಯಾಟ್ ಮಾಲೆಯ ಮೊದಲ ಉಪಗ್ರಹವನ್ನು ಹಾರಿಸಿತು. 1974ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಹುಟ್ಟಿತು. 1988ರ ಮಾರ್ಚ್ 17ರಂದು ನಮ್ಮದೇ ಆದ ಐ.ಆರ್.ಎಸ್.–1ಎ ಉಪಗ್ರಹ ಕಕ್ಷೆಗೆ ಸೇರಿತು.

ಉಪಗ್ರಹಕ್ಕೆ ಮರ ಹೇಗೆ ಕಾಣುತ್ತದೆ? ಹಸುರೆಲೆ ಸೂರ್ಯನ ಕೆಂಪು ಬೆಳಕನ್ನು ಆಹಾರ ತಯಾರಿಕೆಗೆಂದು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೇಡವೆಂದು ಹಿಂದಕ್ಕೆ ಎಸೆಯುತ್ತದೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಹಸುರಿನ ಸೂಚ್ಯಂಕ ದೊರೆಯುತ್ತದೆ. ಉದಾಹರಣೆಗೆ ಒಂದು ದಟ್ಟ ಮರಗುಂಪು ಅವಕೆಂಪಿನಲ್ಲಿ ನೂರಕ್ಕೆ 40, ಕೆಂಪಿನಲ್ಲಿ 5 ಪಾಲು ಹಿಂತಿರುಗಿಸಿದರೆ, 35ನ್ನು 45ರಿಂದ ಭಾಗಿಸಿದಾಗ 0.78 ಬರುತ್ತದೆ. ಉತ್ತ ಎರೆಹೊಲ ಅವಕೆಂಪಿನಲ್ಲಿ 15, ಕೆಂಪಿನಲ್ಲಿ 12 ಹಿಂತಿರುಗಿಸಿದರೆ ಬರುವುದು 0.11. ಲೆಕ್ಕ ಇಷ್ಟು ಸುಲಭವಾದುದರಿಂದಲೇ ಅದು ಜಗತ್ತಿನಾದ್ಯಂತ ಬಳಕೆಗೆ ಬಂದಿತು.

ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ದೆಹರಾದೂನಿನಲ್ಲಿದೆ. 1987ರಿಂದ ಅದು ಎರಡು ವರ್ಷಕ್ಕೊಮ್ಮೆ ದೇಶದ ಕಾಡಿನ ವರದಿಯನ್ನು ಪ್ರಕಟಿಸುವ ಪದ್ಧತಿಯನ್ನು ಇಟ್ಟುಕೊಂಡಿದೆ. ಮೋಡವಿಲ್ಲದೆ, ಎಲೆಯೂ ಉದುರದೆ ಇರುವ ಅಕ್ಟೋಬರ್–ಡಿಸೆಂಬರ್ ತಿಂಗಳುಗಳ ಚಿತ್ರಗಳನ್ನು ಅದು ಬಳಸುತ್ತದೆ. ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಇಪ್ಪತ್ಮೂರೂವರೆ ಮೀಟರ್ ಚೌಕ. ಒಂದು ಹೆಕ್ಟೇರಿಗೆ ಸುಮಾರು ಹದಿನೆಂಟು ಚುಕ್ಕೆಗಳು. ಹೊದಿಕೆ ನೂರಕ್ಕೆ 70 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಅತಿ ದಟ್ಟ ಕಾಡು, 40ರಿಂದ 70ರವರೆಗೆ ಮಧ್ಯಮ ದಟ್ಟ, 10ರಿಂದ 40ರವರೆಗೆ ವಿರಳ ಕಾಡು, 10ಕ್ಕಿಂತ ಕಡಿಮೆಯಾದರೆ ಕುರುಚಲು. ಕುರುಚಲನ್ನು ನಕ್ಷೆಯಲ್ಲಿ ತೋರಿಸುತ್ತಾರೆ. ಕಾಡಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದೆ ನೂರಕ್ಕೆ ಹತ್ತು ಹೊದಿಕೆಯಿದ್ದರೆ, ಭೂಮಿ ಯಾರದಾದರೂ ಆಗಲಿ, ಮರ ಯಾವುದಾದರೂ ಆಗಲಿ, ಅದು 'ಅರಣ್ಯ ಹೊದಿಕೆ'. ಮಾವಿನ ತೋಟವೂ ಹೌದು, ನೀಲಗಿರಿ ನೆಡುತೋಪೂ ಹೌದು. ಈ ವ್ಯಾಖ್ಯೆಯಂತೆ 2023ರ ವರದಿಯಲ್ಲಿ ದೇಶದ ಅರಣ್ಯ ಹೊದಿಕೆ 7,15,343 ಚದರ ಕಿಲೋಮೀಟರ್. ಭೂಭಾಗದಲ್ಲಿ ನೂರಕ್ಕೆ 21.76 ಪಾಲು.

ಒಂದೇ ಚಿತ್ರವನ್ನು ಇಬ್ಬರು ಓದಿದರೆ ಎರಡು ಅರ್ಥವಾಗುವುದೂ ಉಂಟು. 1980–82ರ ಉಪಗ್ರಹ ಚಿತ್ರಗಳಿಂದ ಹೈದರಾಬಾದಿನ ಸಂಸ್ಥೆ ದೇಶದ ಕಾಡು ನೂರಕ್ಕೆ 14.10 ಎಂದು ಕಂಡುಕೊಂಡಿತು. ಹೆಚ್ಚುಕಡಿಮೆ ಅದೇ ಕಾಲದ ಚಿತ್ರಗಳಿಂದ ದೆಹರಾದೂನಿನ ಸಂಸ್ಥೆಗೆ ದೊರೆತ ಉತ್ತರ ಸುಮಾರು 19.5. ನಡುವಿನ ಅಂತರ ಸಣ್ಣದಲ್ಲ; ಕರ್ನಾಟಕದಷ್ಟು ದೊಡ್ಡ ರಾಜ್ಯದ ಮುಕ್ಕಾಲುಪಾಲಿಗಿಂತ ಹೆಚ್ಚು. ಎರಡೂ ಸಂಸ್ಥೆಗಳು ಬಳಿಕ ತಾಳೆ ನೋಡಬೇಕಾಯಿತು. ಆ ವ್ಯತ್ಯಾಸ ಮರಗಳಲ್ಲಿ ಹುಟ್ಟಿದುದಲ್ಲ. ಚಿತ್ರವನ್ನು ಓದುವ ಬಗೆಯಲ್ಲಿ ಹುಟ್ಟಿದುದು.

ಉಪ್ಪಂಗಳದ ಪಾಠ

ಹಸುರಿನ ಸೂಚ್ಯಂಕಕ್ಕೆ ಇನ್ನೊಂದು ದೌರ್ಬಲ್ಯವಿದೆ. ಎಲೆಗಳ ಹರವು ನೆಲದ ಮೂರುನಾಲ್ಕು ಪಟ್ಟು ಮುಟ್ಟಿದ ಮೇಲೆ ಸೂಚ್ಯಂಕ ಮೇಲೇರುವುದೇ ಇಲ್ಲ. ಇಪ್ಪತ್ತು ವರ್ಷದ ತೋಪಿಗೂ ಇನ್ನೂರು ವರ್ಷದ ಅಡವಿಗೂ ಹೆಚ್ಚುಕಡಿಮೆ ಒಂದೇ ಅಂಕ ಬರುತ್ತದೆ. ಈ ತೊಡಕಿಗೆ ಒಂದು ಪರಿಹಾರ ದೊರೆತದ್ದು ಕನ್ನಡನಾಡಿನಲ್ಲಿ. ಕೊಡಗಿನ ಉಪ್ಪಂಗಳದ ಮಳೆಕಾಡಿನಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಕರ್ನಾಟಕ ಅರಣ್ಯ ಇಲಾಖೆಯ ಸಹಕಾರದಿಂದ 1990ರ ಸುಮಾರಿಗೆ ಒಂದು ಶಾಶ್ವತ ಅಧ್ಯಯನ ಕ್ಷೇತ್ರವನ್ನು ಆರಂಭಿಸಿದರು. ಧೂಪದಂಥ ಹೆಮ್ಮರಗಳಿರುವ ಆ ಕಾಡನ್ನು ನೆಲದ ಮೇಲೆ ಅಳೆದು, ಮೇಲಿನಿಂದ ತೆಗೆದ ಸೂಕ್ಷ್ಮ ಚಿತ್ರಗಳೊಡನೆ ಹೋಲಿಸಿದರು.

ಅವರು ನೋಡಿದ್ದು ಬಣ್ಣವನ್ನಲ್ಲ, ಮೈಯ ತರಿಯನ್ನು. ಸಾಸಿವೆಯ ರಾಶಿಯನ್ನೂ ಕಡಲೆಕಾಯಿಯ ರಾಶಿಯನ್ನೂ ದೂರದಿಂದ ನೋಡಿದರೆ ಬಣ್ಣ ತಿಳಿಯದಿದ್ದರೂ ಕಾಳಿನ ಗಾತ್ರ ತಿಳಿಯುವುದಲ್ಲವೆ? ಹಾಗೆಯೇ ಎಳೆಯ ಕಾಡಿನ ಚಪ್ಪರ ನುಣ್ಣಗೆ ಕಾಣುತ್ತದೆ. ದೊಡ್ಡ ತಲೆಯ ಹಳೆಯ ಮರಗಳ ಕಾಡು ಒರಟಾಗಿ, ಉಬ್ಬುತಗ್ಗಾಗಿ ಕಾಣುತ್ತದೆ. ಈ ತರಿಯನ್ನು ಗಣಿತದಿಂದ ಅಳೆದು ಕಾಡಿನ ಮರದ ತೂಕವನ್ನು ಅಂದಾಜು ಮಾಡಬಹುದೆಂದು, ಸಾರ್ವಜನಿಕರಿಗೆಲ್ಲ ದೊರೆಯುವ ಗೂಗಲ್ ಅರ್ಥ್ ಚಿತ್ರಗಳಿಂದಲೇ ಅದು ಸಾಧ್ಯವೆಂದು, 2012ರಲ್ಲಿ ಪ್ರಕಟವಾದ ಪಶ್ಚಿಮಘಟ್ಟದ ಅಧ್ಯಯನವೊಂದು ತೋರಿಸಿತು. ಆದರೆ ನೆಲದ ಮೇಲೆ ಟೇಪು ಹಿಡಿದವರು ಇಲ್ಲದೆ ಹೋಗಿದ್ದರೆ ಆ ಗಣಿತಕ್ಕೆ ಆಧಾರವೇ ಇರುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ಬೆಳಕಿನ ಬಾಣ, ಅಲೆಯ ಕೈ

ಎತ್ತರವನ್ನು ಬಾನಿನಿಂದಲೇ ಅಳೆಯುವ ಸಾಧನವನ್ನು ಅಮೆರಿಕದ ವಿಜ್ಞಾನಿಗಳು 2018ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿದರು. ಜೆಡೈ ಎಂಬ ಆ ಉಪಕರಣ ಸುಮಾರು 400 ಕಿಲೋಮೀಟರ್ ಎತ್ತರದಿಂದ ಲೇಸರ್ ಬೆಳಕನ್ನು ನೆಲಕ್ಕೆ ಎಸೆಯುತ್ತದೆ. ಮರದ ತುದಿಗೆ ತಗಲಿದ ಬೆಳಕು ಮೊದಲು ಹಿಂತಿರುಗುತ್ತದೆ. ಎಲೆಗಳ ನಡುವೆ ತೂರಿ ನೆಲ ಮುಟ್ಟಿದ ಬೆಳಕು ತಡವಾಗಿ ಹಿಂತಿರುಗುತ್ತದೆ. ಮರ 15 ಮೀಟರ್ ಎತ್ತರವಿದ್ದರೆ ಈ ತಡ ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲು. ಅಷ್ಟು ಕಿರಿದಾದ ಕಾಲವನ್ನು ಅಳೆದು, ನಡುವಣ ಪದರಗಳಿಂದ ಬಂದ ಬೆಳಕನ್ನೂ ಬಿಡಿಸಿ, ಚಪ್ಪರದ ಅಂತಸ್ತುಗಳನ್ನೇ ಅದು ಬರೆದುಕೊಡುತ್ತದೆ. ಒಂದೊಂದು ಬಾಣವೂ ನೆಲದ ಮೇಲೆ 25 ಮೀಟರ್ ಅಗಲದ ವೃತ್ತವನ್ನು ಬೆಳಗುತ್ತದೆ. 2023ರ ಮಾರ್ಚಿನಲ್ಲಿ ಅದರ ಕೆಲಸಕ್ಕೆ ವಿರಾಮ ಕೊಟ್ಟು, 2024ರ ಏಪ್ರಿಲಿನಲ್ಲಿ ಮತ್ತೆ ಚಾಲನೆಗೆ ತರಲಾಯಿತು.

ಇನ್ನೊಂದು ಸಾಧನ ನಮ್ಮ ರಾಜ್ಯದ ಶ್ರೀಹರಿಕೋಟೆಯಿಂದಲೇ 2025ರ ಜುಲೈ 30ರಂದು ಮೇಲೇರಿತು. ಕನ್ನಡಿಗರಿಗೆ ತಮ್ಮ ಪ್ರಿಯ ಕವಿಯೊಬ್ಬರನ್ನು ನೆನಪಿಸುವ 'ನಿಸಾರ್' ಎಂಬ ಹೆಸರಿನ ಈ ಉಪಗ್ರಹವನ್ನು ಭಾರತ ಮತ್ತು ಅಮೆರಿಕ ಕೂಡಿ ನಿರ್ಮಿಸಿದವು. ಇದು ಬೆಳಕಿನ ಬದಲು ರೇಡಾರ್ ಅಲೆಗಳನ್ನು ಬಳಸುತ್ತದೆ. 12 ಮೀಟರ್ ಅಗಲದ ಬಲೆಯಂಥ ಪ್ರತಿಫಲಕವನ್ನು ಕೊಡೆಯಂತೆ ಬಿಚ್ಚಿಕೊಂಡಿದೆ. ಸುಮಾರು 24 ಸೆಂಟಿಮೀಟರ್ ಉದ್ದದ ಅಲೆ ಎಲೆಗಳನ್ನು ದಾಟಿ ಕೊಂಬೆಕಾಂಡಗಳನ್ನು ತಡವುತ್ತದೆ. ಸುಮಾರು 10 ಸೆಂಟಿಮೀಟರಿನ ಅಲೆ ಸಣ್ಣ ರೆಂಬೆಗಳಿಗೇ ತಗಲಿ ಹಿಂತಿರುಗುತ್ತದೆ. ಮೋಡವಾಗಲಿ ಕತ್ತಲೆಯಾಗಲಿ ಅಡ್ಡಿಯಲ್ಲ. 12 ದಿನಕ್ಕೊಮ್ಮೆ ಅದೇ ನೆಲದ ಮೇಲೆ ಅದೇ ಹಾದಿಯಲ್ಲಿ ಹಾಯುತ್ತದೆ. ಹೆಕ್ಟೇರಿಗೆ 100 ಟನ್ನಿಗಿಂತ ಕಡಿಮೆ ಮರವಿರುವ ಕಾಡುಗಳನ್ನು ತೂಗುವುದರಲ್ಲಿ ಇಂಥ ಅಲೆ ಹೆಚ್ಚು ಸಮರ್ಥ. ಮಲೆನಾಡಿನ ಹೆಗ್ಗಾಡಿಗಿಂತ ನಮ್ಮಂಥ ಬಡಕಾಡಿನ ಸೀಮೆಗೇ ಇದು ಹೆಚ್ಚು ಉಪಯುಕ್ತವಾದೀತೆಂಬುದು ಸಮಾಧಾನದ ಮಾತು.

ನಮ್ಮ ಸೀಮೆಯ ತೊಡಕುಗಳು

ಹೀಗಿದ್ದರೂ ಆದವಾನಿಯ ಸುತ್ತಮುತ್ತ ಯಾವ ಉಪಕರಣವೂ ಒಂಟಿಯಾಗಿ ನಿಜ ಹೇಳಲಾರದು. ಇದಕ್ಕೆ ನಾಲ್ಕು ಕಾರಣಗಳಿವೆ.

ಮೊದಲನೆಯದು ಕಾಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಮ್ಮ ಹೊಲಗಳಲ್ಲಿ ಹತ್ತಿ, ತೊಗರಿ ಹಸುರಾಗಿ ನಿಂತಿರುತ್ತವೆ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕೆಳಗೆ ಭತ್ತವಿರುತ್ತದೆ. ಗುಡ್ಡದಂಚಿನ ವಿರಳ ಗಿಡಗಳಿಗಿಂತ ಹೊಲದ ತೊಗರಿಯೇ ಹೆಚ್ಚು ಹಸುರು. ಹಸುರನ್ನು ಮಾತ್ರ ನೋಡುವ ಕಣ್ಣು ಇಲ್ಲಿ ತಬ್ಬಿಬ್ಬಾಗುವುದು ಸಹಜ.

ಎರಡನೆಯದು ಕಲ್ಲು. ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಗಳ ನಮ್ಮ ಬೆಟ್ಟಗಳಲ್ಲಿ ಲೇಸರ್ ಬೆಳಕು ಮೊದಲು ತಗಲುವುದು ಬಂಡೆಯ ನೆತ್ತಿಗೆ. ಹತ್ತು ಮೀಟರ್ ಎತ್ತರದ ಬಂಡೆಯೂ ಹತ್ತು ಮೀಟರ್ ಎತ್ತರದ ಬೇವೂ ಬೆಳಕಿನ ಲೆಕ್ಕದಲ್ಲಿ ಒಂದೇ. ಇಳಿಜಾರಿನಲ್ಲಿ ತೊಡಕು ಇನ್ನೂ ಹೆಚ್ಚು. 30 ಅಂಶದ ಇಳಿಜಾರಿನಲ್ಲಿ 25 ಮೀಟರ್ ವೃತ್ತದ ಮೇಲಂಚಿಗೂ ಕೆಳಅಂಚಿಗೂ 14 ಮೀಟರ್ ಅಂತರವಿರುತ್ತದೆ. ಬೋಳು ನೆಲವೇ ಮರವೆಂದು ತೋರಬಹುದು.

ಮೂರನೆಯದು ಜಾತಿ. ಕನ್ನಡಿಗರು ಬಳ್ಳಾರಿ ಜಾಲಿ ಎಂದು ಕರೆಯುವ ಮುಳ್ಳುಗಿಡ ಹೆಸರಿನಿಂದ ನಮ್ಮದು, ಹುಟ್ಟಿನಿಂದ ಅಮೆರಿಕ ಖಂಡದ್ದು. 1877ರ ಸುಮಾರಿಗೆ ಅದರ ಬೀಜ ಜಮೈಕಾದಿಂದ ಬಂದು ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಲ್ಪಟ್ಟಿತೆಂದು ಅರಣ್ಯ ಚರಿತ್ರೆ ಹೇಳುತ್ತದೆ. ವಿಜಯದಶಮಿಯ ದಿನ ನಾವು ಪೂಜಿಸುವ ಬನ್ನಿಯನ್ನೂ ಇದನ್ನೂ ಸಸ್ಯಶಾಸ್ತ್ರಜ್ಞರು ಬಹುಕಾಲ ಒಂದೇ ಕುಲದಲ್ಲಿಟ್ಟಿದ್ದರು. ಕುಲ ಒಂದಾದರೂ ಗುಣ ಬೇರೆ. ಬನ್ನಿಯ ಅಡಿಯಲ್ಲಿ ಬೆಳೆ ಬರುತ್ತದೆ. ಬಳ್ಳಾರಿ ಜಾಲಿಯ ಪೊದೆಯೊಳಗೆ ಹುಲ್ಲೂ ಕಷ್ಟದಿಂದ ಬದುಕುತ್ತದೆ. ಆದರೆ ಆಳಕ್ಕೆ ಬೇರಿಳಿಸಿ ಕಡುಬೇಸಗೆಯಲ್ಲಿಯೂ ಹಸುರಾಗಿರುವ ಈ ಗಿಡ ಹತ್ತರ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಕೆರೆಯಂಗಳ, ಗೋಮಾಳ, ಹಳ್ಳದ ದಂಡೆಗಳನ್ನು ಅದು ನುಂಗಿದಲ್ಲಿ ನಕ್ಷೆಯ ಮೇಲೆ 'ವಿರಳ ಕಾಡು' ಹೆಚ್ಚಬಹುದು. ದನಕರುಗಳಿಗೆ ಮೇವು ಕಡಿಮೆಯಾಗಿರುತ್ತದೆ. ಹಾಗೆಂದು ಅದನ್ನು ಬರಿಯ ಶತ್ರುವೆನ್ನುವುದೂ ನ್ಯಾಯವಲ್ಲ. ಬರಗಾಲದಲ್ಲಿ ಎಷ್ಟೋ ಬಡಮನೆಗಳ ಒಲೆ ಉರಿದದ್ದು ಅದರ ಸೌದೆಯಿಂದ, ಕೈಗೆ ಕಾಸು ಬಂದದ್ದು ಅದರ ಇದ್ದಿಲಿನಿಂದ. ತೆಗೆಯಬೇಕೆ, ಇಡಬೇಕೆ, ಎಲ್ಲಿ ಎಷ್ಟು ಎಂಬುದನ್ನು ತೀರ್ಮಾನಿಸಲು ಮೊದಲು ಅದು ಎಲ್ಲಿದೆಯೆಂದು ಪ್ರತ್ಯೇಕವಾಗಿ ತಿಳಿಯಬೇಕು. ಮಾರ್ಚ್–ಏಪ್ರಿಲಿನ ಚಿತ್ರವನ್ನೂ ನವೆಂಬರಿನ ಚಿತ್ರವನ್ನೂ ಹೋಲಿಸಿ, ಬೇಸಗೆಯಲ್ಲಿಯೂ ಹಸುರಾಗಿದ್ದು ಕಾಲುವೆಯ ನೀರು ಕಾಣದ ಜಾಗಗಳನ್ನು ಗುರುತಿಸಿದರೆ ಅದರ ಸುಳಿವು ಸಿಗುತ್ತದೆ.

ನಾಲ್ಕನೆಯದು ಹುಲ್ಲು. ಈ ತೊಡಕು ಎಲ್ಲಕ್ಕಿಂತ ನೋವಿನದು. ಹಳೆಯ ಕರ್ನೂಲು ಜಿಲ್ಲೆಯ ರೋಳ್ಳಪಾಡಿನ ಹುಲ್ಲುಗಾವಲು 1988ರಲ್ಲಿ ವನ್ಯಧಾಮವಾಯಿತು. ತೆಲುಗರು ಬಟ್ಟಮೇಕ ಎಂದೂ ಕನ್ನಡಿಗರು ಎರೆಭೂತ ಎಂದೂ ಕರೆಯುವ ದೊಡ್ಡ ಹಕ್ಕಿಗಾಗಿ ಆ ಧಾಮ. ನಮ್ಮ ಗಡಿಯಾಚೆಯ ಸಿರುಗುಪ್ಪ ತಾಲ್ಲೂಕಿನ ಎರೆಬಯಲೂ ಆ ಹಕ್ಕಿಯ ನೆಲೆ. ಈಗ ಇಡೀ ದೇಶದಲ್ಲಿ ಇನ್ನೂರಕ್ಕೂ ಕಡಿಮೆ ಉಳಿದಿವೆ, ಹೆಚ್ಚಿನವು ರಾಜಸ್ಥಾನದಲ್ಲಿ. ಆ ಹಕ್ಕಿಗೆ ಬೇಕಾದುದು ಚಪ್ಪರವಲ್ಲ, ದೂರದವರೆಗೆ ಕಣ್ಣು ಹಾಯುವ ಬಯಲು. ಚಪ್ಪರದ ಅಳತೆಗೋಲಿನಲ್ಲಿ ಆ ಬಯಲಿಗೆ ಬರುವ ಅಂಕ ಸೊನ್ನೆ. ಸೊನ್ನೆಯನ್ನು ಕಂಡ ಯೋಜಕನಿಗೆ ಅಲ್ಲಿ ಸಸಿ ನೆಡಬೇಕೆಂದು ತೋರುವುದು ಸುಲಭ. ಆ ಸಸಿ ಬೆಳೆದರೆ ಅಂಕ ಏರುತ್ತದೆ, ಹಕ್ಕಿ ಮನೆ ಕಳೆದುಕೊಳ್ಳುತ್ತದೆ.

ಅಂಕಿಯ ಹಿಂದೆ ಹಣ

ಇದೆಲ್ಲ ಪಂಡಿತರ ಚರ್ಚೆಯೆಂದು ಬದಿಗಿಡುವಂತಿಲ್ಲ. ಕೇಂದ್ರದ ತೆರಿಗೆಯ ಹಣವನ್ನು ರಾಜ್ಯಗಳಿಗೆ ಹಂಚುವ ಸೂತ್ರದಲ್ಲಿ 14ನೆಯ ಹಣಕಾಸು ಆಯೋಗ ಅರಣ್ಯಕ್ಕೆ ನೂರಕ್ಕೆ ಏಳೂವರೆ ಅಂಕ ಕೊಟ್ಟಿತು. 2021–26ರ ಅವಧಿಗೆ ಸೂತ್ರ ಕೊಟ್ಟ 15ನೆಯ ಆಯೋಗ ಅದನ್ನು ಹತ್ತಕ್ಕೆ ಏರಿಸಿ, ದಟ್ಟ ಕಾಡನ್ನು ಆಧಾರವಾಗಿ ಹಿಡಿಯಿತು. ವಿರಳ ಕಾಡು, ಕುರುಚಲು, ಹುಲ್ಲುಗಾವಲುಗಳಿಗೆ ಆ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. ಮಲೆನಾಡಿನ ಮಳೆಗೂ ನಮ್ಮ ಸೀಮೆಯ ಮಳೆಗೂ ಇರುವ ಅಂತರವನ್ನು ಬಲ್ಲವರಿಗೆ, ನಮ್ಮ ಗುಡ್ಡ ನೂರಕ್ಕೆ ಎಪ್ಪತ್ತು ಹೊದಿಕೆಯ ಕಾಡಾಗಲು ಹುಟ್ಟಿದುದಲ್ಲವೆಂಬುದು ಗೊತ್ತು. ಅದರ ಆರೋಗ್ಯವನ್ನು ಅದರದೇ ಅಳತೆಯಿಂದ ನೋಡಬೇಕು: ನಾಟಿ ಗಿಡಗಳೆಷ್ಟು, ಹುಲ್ಲೆಷ್ಟು, ಹೊಸ ಸಸಿ ಏಳುತ್ತಿದೆಯೆ, ಮಣ್ಣು ನಿಂತಿದೆಯೆ? ಕುರುಚಲು ಎಂಬ ಒಂದೇ ಮಾತಿನಲ್ಲಿ ಕೆಟ್ಟುಹೋದ ಕಾಡೂ ಅಡಗುತ್ತದೆ, ಎಂದೆಂದೂ ಕುರುಚಲಾಗಿಯೇ ಇದ್ದು ಚೆನ್ನಾಗಿರುವ ಕಾಡೂ ಅಡಗುತ್ತದೆ.

ನಮ್ಮ ಪಾಲಿನ ಕೆಲಸ

ಉಪಗ್ರಹದ ಚಿತ್ರವನ್ನು ನೆಲದ ನಿಜದೊಡನೆ ಹೋಲಿಸುವ ಕೆಲಸಕ್ಕೆ ಎಲ್ಲ ದೇಶಗಳಲ್ಲಿಯೂ ಜನ ಬೇಕು. ನಮ್ಮ ಊರುಗಳ ಪ್ರೌಢಶಾಲೆಗಳಲ್ಲಿ ಅಂಥ ಜನರಿಗೆ ಕೊರತೆಯಿಲ್ಲ. ಊರ ಗುಡ್ಡದಲ್ಲಿಯೋ ದೇವರಗಟ್ಟಿನಂಥ ಕ್ಷೇತ್ರದ ಸುತ್ತಲಿನ ನೆಲದಲ್ಲಿಯೋ ಒಂದು ಹಾದಿಯನ್ನು ಗೊತ್ತುಮಾಡಿಕೊಂಡು, ಆರಂಭದ ಬಿಂದುವಿನಲ್ಲಿ ಒಂದು ಬಂಡೆಯನ್ನು ಗುರುತಿಟ್ಟು, ದಾರ ಕಟ್ಟಿದ ಕೊಳವೆಯಿಂದ ವರ್ಷಕ್ಕೆ ಎರಡು ಬಾರಿ, ನವೆಂಬರಿನಲ್ಲಿ ಒಮ್ಮೆ, ಏಪ್ರಿಲಿನ ಮುಂಜಾವಿನಲ್ಲಿ ಒಮ್ಮೆ, ನಾನ್ನೂರು ನೋಟ ನೋಡಬೇಕು. ನೂರೇ ನೋಟ ನೋಡಿದರೆ ಹತ್ತರ ಗೆರೆಯ ಬಳಿ ಉತ್ತರ ನಾಲ್ಕಕ್ಕೂ ಹದಿನಾರಕ್ಕೂ ನಡುವೆ ಎಲ್ಲಿಯಾದರೂ ಇರಬಹುದು. ನಾನ್ನೂರು ನೋಡಿದರೆ ಏಳಕ್ಕೂ ಹದಿಮೂರಕ್ಕೂ ನಡುವೆ ನಿಲ್ಲುತ್ತದೆ. ಎಲೆ ಕಂಡಾಗಲೆಲ್ಲ ಅದು ಬೇವೋ ಬನ್ನಿಯೋ ಬಳ್ಳಾರಿ ಜಾಲಿಯೋ ಎಂದು ಬರೆಯಬೇಕು. ಉಪಗ್ರಹ ಹೇಳಲಾರದ ಮಾತು ಅದೊಂದೇ. ಅದನ್ನು ಹೇಳಲು ಹತ್ತನೆಯ ತರಗತಿಯ ಮಗುವಿಗೆ ಸಾಧ್ಯ. ದಿನಾಂಕ, ಉಪಕರಣ, ನೋಡಿದವರ ಹೆಸರು ಮೂರನ್ನೂ ತಪ್ಪದೆ ದಾಖಲಿಸಬೇಕು. ಹಾವುಹಪ್ಪಟೆಗಳ ಭಯವಿರುವುದರಿಂದ ಹಿರಿಯರು ಜೊತೆಗಿರಬೇಕು. ಕಾಯ್ದಿಟ್ಟ ಅರಣ್ಯವಾದರೆ ಇಲಾಖೆಯ ಒಪ್ಪಿಗೆ ಪಡೆಯಬೇಕು.

ಮೊದಲ ವರ್ಷದ ಅಂಕಿಗೆ ಬೆಲೆ ಸ್ವಲ್ಪವೇ. ಐದನೆಯ ವರ್ಷಕ್ಕೆ ಅದು ಪಾಠವಾಗುತ್ತದೆ. ಹತ್ತನೆಯ ವರ್ಷಕ್ಕೆ ಸಾಕ್ಷಿಯಾಗುತ್ತದೆ. ಗುಡ್ಡಕ್ಕೆ ಕಲ್ಲುಗಣಿ ಬಂದಾಗ, ಗೋಮಾಳಕ್ಕೆ ನೆಡುತೋಪು ಬಂದಾಗ, ಇಲ್ಲವೆ ಜಾಲಿಯನ್ನು ಕಿತ್ತುಹಾಕುವ ಆಜ್ಞೆ ಬಂದಾಗ, ಗ್ರಾಮಸಭೆಯ ಮುಂದೆ ಇಡಲು ಊರಿನ ಕೈಯಲ್ಲಿ ಒಂದು ಪುಸ್ತಕವಿರುತ್ತದೆ. ಅದರ ಒಂದು ಪುಟ ಕನ್ನಡದಲ್ಲಿರಲಿ, ಮತ್ತೊಂದು ತೆಲುಗಿನಲ್ಲಿರಲಿ. ಅಂಕಿಗಳು ಎರಡರಲ್ಲಿಯೂ ಒಂದೇ. ಸಿರುಗುಪ್ಪದ ಶಾಲೆಯೊಂದು ತನ್ನ ಕಡೆಯ ಬಯಲಿನಲ್ಲಿ ಇದೇ ಕೆಲಸ ಮಾಡಿದರೆ ಎರಡು ಪುಸ್ತಕಗಳನ್ನೂ ಒಟ್ಟಿಗಿಟ್ಟು ಓದಬಹುದು. ಎರಡೂ ಬಯಲುಗಳ ಹುಲ್ಲು, ಜಾಲಿ, ಹಕ್ಕಿಗಳ ಲೆಕ್ಕ ಅಲ್ಲಿಗೆ ಪೂರ್ಣವಾಗುತ್ತದೆ.